ಸ್ವರ ಮುಗಿದಾಗ ಕೈ ಎತ್ತು

ಪುಣೆ
12 ಜೂನ್ 2023

ಪ್ರೀತಿಯ ಅಲ್ಫೋನ್ಸ್ ಸರ್,

ನಾನು ಸಿಂಧು. ಬಲ್ಮಠದಲ್ಲಿ ಬೇಕರಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ನಿಮ್ಮ ಕೀಬೋರ್ಡ್ ಕ್ಲಾಸಿಗೆ ಬರುತ್ತಿದ್ದ, ವಿಶ್ವೇಶ ಭಟ್ಟರ ಮಗಳು. ನನ್ನನ್ನು ಮರೆತಿರಬಹುದು. ದೇವಸ್ಥಾನದ ಪೂಜೆ ಮುಗಿಸಿ, ಸ್ಕೂಟರಿನಲ್ಲಿ ಮಗಳನ್ನು ತಂದುಬಿಟ್ಟು, ಒಂದು ತಾಸು ಬೇಕರಿಯ ಬಾಗಿಲಲ್ಲಿ ಏನನ್ನೂ ತಿನ್ನದೆ ನಿಂತಿರುತ್ತಿದ್ದ ನನ್ನ ಅಪ್ಪನನ್ನು ಮರೆತಿರಲಾರಿರಿ.

ಕಳೆದ ತಿಂಗಳು ಊರಿಗೆ ಬಂದಿದ್ದಾಗ ಬ್ಯಾಂಕಿನ ಸರತಿಯಲ್ಲಿ ನಿಮ್ಮ ತಂಗಿ ವಿನ್ನಿ ಆಂಟಿ ಸಿಕ್ಕಿದರು. ನೀವು ಹೇಗಿದ್ದೀರಿ ಎಂದು ಕೇಳಿದೆ. “ಅವನಾ? ಹಳೆ ಮೆಷಿನ್ ಮಂಚದ ಅಡಿಯಿಂದ ಹೊರಗೆ ತೆಗೆದಿದ್ದಾನೆ. ತಿಂಡಿ ಆಗಿ ಕೂತರೆ ಊಟದವರೆಗೆ ಒಂದೇ ಸ್ವರ. ನಮ್ಮ ಮಿಕ್ಸಿ ಆದ್ರೂ ನಡುವೆ ನಿಲ್ತದೆ ಬಾಯೆ!” ಎಂದರು. ನಾನು ನಕ್ಕೆ. ಮನೆಗೆ ಬಂದ ಮೇಲೆ ನಗು ಹೋಗಿ ಬೇರೆಯೇ ಒಂದು ಕಾತರ ಹಿಡಿಯಿತು.

ನನ್ನ ಹತ್ತಿರ ನಿಮ್ಮ 1991ರ ಕ್ಯಾಸೆಟ್ ಇನ್ನೂ ಇದೆ. ಹಾಡಿಲ್ಲ, ತಾಳವಿಲ್ಲ, ಒಂದು ಬದಿ ತುಂಬ ಸಿಂಥಸೈಜರಿನ ಒಂದೇ ನಾದ, ಯಾವಾಗ ಬದಲಾಯಿತೆಂದು ತಿಳಿಯದ ಹಾಗೆ ಬದಲಾಗುತ್ತ ಹೋಗುವುದು. ಇಂಥದ್ದನ್ನು ಆಂಬಿಯೆಂಟ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹನ್ನೆರಡರ ನನಗೆ ಅದು ನಿಮ್ಮ ಕ್ಲಾಸಿನ ಪಾಠದ ಮುಂದುವರಿಕೆ ಅಷ್ಟೇ. ನೀವು ಒಂದು ಕೀ ಒತ್ತಿ, ಬಿಟ್ಟು, “ಸ್ವರ ಮುಗಿದಾಗ ಕೈ ಎತ್ತು” ಎನ್ನುತ್ತಿದ್ದಿರಿ. ನಾನು ಯಾವಾಗಲೂ ಬೇಗ ಎತ್ತುತ್ತಿದ್ದೆ. “ಇನ್ನೂ ಉಂಟು” ಎಂದು ನೀವು ಕೈ ಕೆಳಗಿಳಿಸುತ್ತಿದ್ದಿರಿ.

ಇಲ್ಲಿ ಮುಖೇಶ್ ಎಂಬ ಪರಿಚಿತರೊಬ್ಬರು ಇಂಥ ಸಂಗೀತಕ್ಕೆಂದೇ ಪುಟ್ಟ ರೆಕಾರ್ಡ್ ಕಂಪೆನಿ ನಡೆಸುತ್ತಾರೆ. ನಿಮ್ಮ ಕ್ಯಾಸೆಟ್ ಕೇಳಿಸಿದೆ. ಈಗ ಬಾರಿಸುತ್ತಿರುವುದನ್ನು ಕಳಿಸಿದರೆ ತಾವು ಹೊರತರಬಹುದು ಎನ್ನುತ್ತಾರೆ. ಕಳಿಸುತ್ತೀರಾ? ಆ ಕ್ಯಾಸೆಟ್ಟಿನ ನಂತರ ಯಾಕೆ ನಿಲ್ಲಿಸಿದಿರಿ ಎಂದು ಆಗ ಕೇಳಲು ಧೈರ್ಯವಿರಲಿಲ್ಲ. ಈಗ ಕೇಳುತ್ತಿದ್ದೇನೆ.

ವಿನ್ನಿ ಆಂಟಿಯ ಹತ್ತಿರ ನಿಮ್ಮ ಫೋನ್ ನಂಬರ್ ಕೇಳಿದ್ದೆ. “ಫೋನ್ ಬೇಡ, ಕಾಗದ ಬರಿ” ಎಂದರು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕಲಿಸುವುದು ಇಂಗ್ಲಿಷ್, ಮನೆಯಲ್ಲಿ ತುಳು. ಕನ್ನಡದಲ್ಲಿ ಕಾಗದ ಬರೆದು ಬಹಳ ಕಾಲವಾಯಿತು. ತಪ್ಪಿದ್ದರೆ ತಿದ್ದಿ.

ನಿಮ್ಮ ವಿದ್ಯಾರ್ಥಿನಿ
ಸಿಂಧು


ಕೊಟ್ಟಾರ, ಮಂಗಳೂರು
3 ಜುಲೈ 2023

ಸಿಂಧು,

ತಿದ್ದುವಂಥದ್ದು ಎಂತ ಇಲ್ಲ. ಕನ್ನಡವೇ ಒಳ್ಳೆಯದಾಯಿತು. ನನ್ನ ಇಂಗ್ಲಿಷ್ ಬಹ್ರೇನಿನ ಹೋಟೆಲ್ ಲಾಬಿಯಲ್ಲಿ ಪಿಯಾನೊ ಬಾರಿಸುತ್ತ ಕಲಿತದ್ದು; ‘ಎನಿ ರಿಕ್ವೆಸ್ಟ್, ಸರ್’ ಎಂಬುದರ ಆಚೆ ಹೋಗಲಿಲ್ಲ. ಫೋನ್ ನನಗೆ ಆಗುವುದಿಲ್ಲ. ಫೋನಿನಲ್ಲಿ ಮಾತು ಬೇಗ ಮುಗಿದುಹೋಗುತ್ತದೆ.

ನಿನ್ನ ಅಪ್ಪನನ್ನು ಮರೆಯುವುದುಂಟೇ? “ಬನ್ನಿನ ವಾಸನೆಗೆ ಮೈಲಿಗೆ ಇಲ್ಲ ಮಾಸ್ಟ್ರೇ, ಅದಕ್ಕೆ ಇಲ್ಲೇ ನಿಲ್ತೇನೆ” ಎಂದು ಒಮ್ಮೆ ಹೇಳಿದ್ದರು.

ಯಾಕೆ ನಿಲ್ಲಿಸಿದೆ ಎಂದರೆ, ಹಂಪನಕಟ್ಟೆಯ ಕ್ಯಾಸೆಟ್ ಅಂಗಡಿಯವ ಒಂದು ಬದಿ ಪೂರ್ತಿ ಕೇಳಿದ. ಗಿರಾಕಿಗಳನ್ನು ಕಾಯಿಸಿ, ತಾಳ್ಮೆಯಿಂದ ಕೇಳಿದ. ಕೊನೆಗೆ, ನಮ್ಮ ಕ್ರಿಶ್ಚಿಯನರಿಗೆ ಕೊಡುವ ಮರ್ಯಾದೆ ಕೊಟ್ಟೇ, “ಪೊರ್ಬುಗಳೇ, ಹಾಡು ಯಾವಾಗ ಶುರು ಆಗ್ತದೆ?” ಎಂದ. ತಮಾಷೆಗೆ ಕೇಳಿದ್ದರೆ ನಾನೂ ನಗುತ್ತಿದ್ದೆ. ಅವನು ನಿಜವಾಗಿ ಕೇಳಿದ. ಕ್ಯಾಸೆಟ್ ವಾಪಸ್ ತೆಗೆದುಕೊಂಡು ಬಂದೆ. ಅಂದಿನಿಂದ ಮೂವತ್ತು ವರ್ಷ, ಹಾಡು ಬೇಗ ಶುರುವಾಗುವ ಕೆಲಸವನ್ನೇ ಮಾಡಿದೆ. ನಮ್ಮವರ ಮದುವೆ ರಿಸೆಪ್ಷನ್, ನಿಮ್ಮವರ ಭಕ್ತಿಗೀತೆ, ತುಳು ನಾಟಕ, ಬಟ್ಟೆ ಅಂಗಡಿಯ ಜಾಹೀರಾತು. ದೊಡ್ಡ ದೊಡ್ಡ ಸ್ಪೀಕರುಗಳ ಪಕ್ಕದಲ್ಲಿ ನಿಂತೇ ಆಯುಷ್ಯ ಹೋಯಿತು.

ಲಾಕ್‌ಡೌನಿನಲ್ಲಿ ಮದುವೆಗಳು ನಿಂತವು. ಆಗ ಹಳೇ ಸಿಂಥ್ ಹೊರಗೆ ತೆಗೆದೆ. ಬಹ್ರೇನ್ ಬಿಟ್ಟು ಹೋಗುವಾಗ ಒಬ್ಬ ಫಿಲಿಪೀನೊ ಪಿಯಾನಿಸ್ಟ್ ನನಗೆ ಕೊಟ್ಟುಹೋದದ್ದು ಅದು. ನಮ್ಮ ಮನೆ ಈಗ ಕೊಟ್ಟಾರದಲ್ಲಿ, ಟಯರ್ ಅಂಗಡಿಯ ಮೇಲೆ, ಹೆದ್ದಾರಿಗೆ ತಾಗಿಕೊಂಡು. ಲಾರಿ ಹೋದರೆ ಕಪಾಟಿನ ತಟ್ಟೆಗಳು ಮಾತಾಡುತ್ತವೆ. ಸುಖಕ್ಕೆ ಎಂತ ಕಡಿಮೆ ಇಲ್ಲ.

ಮೆಷಿನ್ ಮಾತ್ರ ಮುಂಚಿನ ಹಾಗೆ ಇಲ್ಲ. ಸ್ವರದ ಹೊಳಪು ಹೋಗಿದೆ. ಬಂದರಿನ ಹತ್ತಿರ ಆಂಪ್ಲಿಫೈಯರ್ ರಿಪೇರಿ ಮಾಡುವ ಅಹ್ಮದ್ ಬಾವನ ಹತ್ತಿರ ಮತ್ತೆ ಮತ್ತೆ ಕೊಂಡುಹೋದೆ. “ಇದಕ್ಕೆ ಎಂತ ಆಗಿಲ್ಲ ಪೊರ್ಬುಗಳೇ, ಚೂರಿಯ ಹಾಗೆ ಉಂಟು ಸೌಂಡು” ಎಂದು ಪ್ರತಿ ಸಲ ವಾಪಸ್ ಕೊಟ್ಟ. ಮದುವೆ ಹಾಲಿನ ಸ್ಪೀಕರ್ ಸರಿಮಾಡುವವನಿಗೆ ಇದರ ಸೂಕ್ಷ್ಮ ಎಲ್ಲಿಂದ ಗೊತ್ತಾಗಬೇಕು? ಕಡೆಗೆ ಹೊಳಪಿನ ನಾಬ್ ನಾನೇ ತಿರುಗಿಸಿ ತಿರುಗಿಸಿ ಒಂದು ಅಂದಾಜಿಗೆ ತಂದಿದ್ದೇನೆ.

ಇದರ ಜೊತೆ ಇಟ್ಟ ಪೆನ್ ಡ್ರೈವಿನಲ್ಲಿ ಒಂದು ಗಂಟೆಗೂ ಮೀರಿದ್ದು ಉಂಟು. ಒಂದೇ ಸಲಕ್ಕೆ ಬಾರಿಸಿದ್ದು. ನೀನೂ “ಹಾಡು ಯಾವಾಗ” ಎಂದು ಕೇಳುವುದಾದರೆ ಕೇಳು, ನನಗೆ ಬೇಸರವಿಲ್ಲ. ಆದರೆ ಎಪ್ಪತ್ತಾಯಿತು. ಈ ಸಲ ನಿಲ್ಲಿಸಿದರೆ ಮತ್ತೆ ಶುರುಮಾಡಲು ಸಮಯವಿಲ್ಲ. ಮೆಷಿನ್ ಅಹ್ಮದ್ ಬಾವನಿಗೆ, ಆ ಜಾಗ ವಿನ್ನಿಯ ಹೊಲಿಗೆ ಮೆಷಿನ್ನಿಗೆ ಎಂದು ಆಗಲೇ ತೀರ್ಮಾನವಾಗಿದೆ.

ಅಲ್ಫೋನ್ಸ್


ಪುಣೆ
24 ಜುಲೈ 2023

ಪ್ರೀತಿಯ ಸರ್,

ಮೊದಲು ಇದನ್ನು ಹೇಳಿಬಿಡುತ್ತೇನೆ: ಹಾಡು ಯಾವಾಗ ಎಂದು ನಾನು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಆಫ್ ಮಾಡಿ ಕುಳಿತೆ. ಮೊದಮೊದಲು ನನ್ನ ಕಿವಿಗೆ ತಾಳ್ಮೆ ಇರಲಿಲ್ಲ. ಆಮೇಲೆ, ಎಲ್ಲೋ ಬಹಳ ಮೇಲೆ, ಕೂದಲಿನಷ್ಟು ತೆಳ್ಳಗಿನ ಒಂದು ಸ್ವರ ಹುಟ್ಟುತ್ತದಲ್ಲ, ಅಲ್ಲಿಂದ ನಾನು ಅಲುಗಾಡಲಿಲ್ಲ. ಅದು ಸಣ್ಣ ಸೀಟಿಯ ಹಾಗೆ ಶುರುವಾಗಿ, ಬಿಡದೆ, ಕೊನೆಕೊನೆಗೆ ಸಹಿಸಲಾಗದಷ್ಟು ಹರಿತವಾಗುತ್ತದೆ. ಕೆಳಗೆ ಎಲ್ಲವೂ ಮೃದುವಾಗಿರುವಾಗ ಮೇಲೆ ಅಷ್ಟು ನಿರ್ದಯವಾದದ್ದನ್ನು ಇಟ್ಟಿದ್ದೀರಿ. ಮೂವತ್ತು ವರ್ಷ ಬಾರಿಸದೆ ಉಳಿದದ್ದೆಲ್ಲ ಆ ಒಂದು ಸೂಜಿಯ ಮೊನೆಗೆ ಬಂದು ನಿಂತಿದೆ ಅನಿಸಿತು. ಇಡೀ ರಚನೆಯಲ್ಲಿ ಅದೇ ಶ್ರೇಷ್ಠ.

ಮುಖೇಶ್ ಅವರಿಗೂ ಅದೇ ಹಿಡಿಸಿತು. “ಬೇಕೆಂದೇ ಮಾಡಿದ್ದಲ್ಲವೇ?” ಎಂದು ಒಮ್ಮೆ ಕೇಳಿದರು. ನಿಮ್ಮನ್ನು ಬಲ್ಲವಳ ಗತ್ತಿನಲ್ಲಿ, “ನಮ್ಮ ಸರ್ ಅರ್ಥವಿಲ್ಲದೆ ಒಂದು ಕೀ ಮುಟ್ಟುವವರಲ್ಲ” ಎಂದೆ.

ಮೆಚ್ಚದವಳು ಒಬ್ಬಳೇ, ನನ್ನ ಮಗಳು ಕೃತಿ. ಹದಿನಾರು ವರ್ಷ. “ಅಮ್ಮ, ಆಫ್ ಮಾಡು ಮಾರಾಯ್ತಿ, ಹಲ್ಲಿನ ಡಾಕ್ಟ್ರ ಕುರ್ಚಿಯಲ್ಲಿ ಕೂತ ಹಾಗೆ ಆಗ್ತದೆ” ಎಂದಳು. ಇದು ನನ್ನ ಮಾಸ್ಟ್ರು ಬಾರಿಸಿದ್ದು ಎಂದೆ. “ನಿಂಗೆ ಪನಿಶ್‌ಮೆಂಟಾ?” ಎಂದು ಬಾಗಿಲು ಹಾಕಿಕೊಂಡು ಹೋದಳು. ಈ ವಯಸ್ಸಿಗೆ ಇದು ತಲುಪುವುದಿಲ್ಲ, ಬಿಡಿ.

ಡಿಸೆಂಬರಿನಲ್ಲಿ ಹೊರತರೋಣವೇ ಎಂದು ಮುಖೇಶ್ ಕೇಳುತ್ತಿದ್ದಾರೆ. ಒಪ್ಪಿಗೆ ಬರೆಯಿರಿ.

ಸಿಂಧು


ಕೊಟ್ಟಾರ
29 ಆಗಸ್ಟ್ 2023

ಸಿಂಧು,

ಉತ್ತರ ತಡವಾಯಿತು. ಮಳೆ ಕಾರಣ ಎಂದು ಬರೆಯಬಹುದು. ಆದರೆ ಪೋಸ್ಟ್‌ಮ್ಯಾನ್ ಮಳೆಯಲ್ಲಿಯೂ ಬರುತ್ತಾನೆ.

ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ, ಹತ್ತಿರ ಬಂತು. ವಿನ್ನಿ ಹೊಸ ತೆನೆ, ಹಬ್ಬದ ತರಕಾರಿ ಎಂದು ಮಾರ್ಕೆಟ್ಟಿಗೆ ಓಡಾಡುತ್ತಿದ್ದಾಳೆ. ಮೀನಿಲ್ಲದ ಹಬ್ಬ, ನನಗೆ ಉತ್ಸಾಹ ಕಡಿಮೆ. ಕೆಳಗಿನ ಟಯರ್ ಅಂಗಡಿಯವ ಹೊಸ ಕಂಪ್ರೆಸರ್ ತಂದಿದ್ದಾನೆ. ಅದು ಬಹಳ ಗಲಾಟೆ ಎಂದು ವಿನ್ನಿ ಹೇಳುತ್ತಾಳೆ.

ನಿನ್ನ ಮಾತುಗಳಿಗೆ ಕೃತಜ್ಞ. ಒಂದು ಕೆಲಸ ಮಾಡು. ನೀನು ಹೇಳಿದ ಆ ತೆಳ್ಳಗಿನ ಸ್ವರ, ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಹೆಚ್ಚಾಗುತ್ತದೆ, ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು ಬರೆದು ಕಳಿಸು. ನನಗೆ ಬೇಕು.

ಮುಖೇಶರಿಗೆ ಸ್ವಲ್ಪ ಕಾಯಲು ಹೇಳು.

ಅಲ್ಫೋನ್ಸ್


ಪುಣೆ
9 ಸೆಪ್ಟೆಂಬರ್ 2023

ಪ್ರೀತಿಯ ಸರ್,

ನಿಮ್ಮ ಕಾಗದ ಓದಿ ನಗು ಬಂತು. ನಲವತ್ತನಾಲ್ಕರಲ್ಲಿ ನನಗೆ ಪರೀಕ್ಷೆ ಇಟ್ಟಿದ್ದೀರಿ! ಸುಮ್ಮನೆ ಹೊಗಳಿದೆನೋ, ನಿಜವಾಗಿ ಕೇಳಿದೆನೋ ಎಂದು ನೋಡುವುದಕ್ಕೆ ತಾನೇ? ಬೇಗ ಕೈ ಎತ್ತುವ ಹುಡುಗಿಯ ಮೇಲೆ ನಿಮಗೆ ಇನ್ನೂ ಭರವಸೆ ಇಲ್ಲ.

ಇಗೋ ಉತ್ತರ. ಅದು ಶುರುವಾಗುವುದು ಎರಡನೇ ಕೆಳಸ್ವರ ಬಂದು ಸೇರುವಾಗ. ಮಧ್ಯದಲ್ಲಿ, ಎಲ್ಲವೂ ತಗ್ಗುವ ಕಡೆ, ಅದೊಂದು ತಗ್ಗುವುದಿಲ್ಲ. ಹಾಗಾಗಿ ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಕೊನೆಯ ಕಾಲು ಗಂಟೆಯಲ್ಲಿ ಇನ್ನೂ ಏರುತ್ತದೆ. ಎಲ್ಲಿಯೂ ನಿಲ್ಲುವುದಿಲ್ಲ. ನೀವು ಕೈಯನ್ನು ಎಲ್ಲಿ ಮೇಲಕ್ಕೆ ಸರಿಸಿದಿರಿ ಎಂಬುದೂ ನನಗೆ ಕೇಳಿಸುತ್ತದೆ, ಒಂದೊಂದು ಸಲವೂ ಸ್ವಲ್ಪ ಸ್ವಲ್ಪ.

ಪರೀಕ್ಷೆಯಲ್ಲಿ ಪಾಸಾದೆನೇ?

ಪೂರ್ತಿ ಅಂಕ ಸಿಗಲಾರದು. ಕೃತಿಯನ್ನು ಬಲವಂತದಿಂದ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. “ನೀನು ಒಂದೇ ಸ್ವರ ಬರೆದಿದ್ದೀಯಲ್ಲ, ಅದರ ಮೇಲೆ ಇನ್ನೊಂದು ಉಂಟು. ಅದಕ್ಕೇ ನಂಗೆ ತಲೆ ನೋವು” ಎಂದಳು. ನನಗೆ ಎಷ್ಟು ಕಿವಿಗೊಟ್ಟರೂ ಕೇಳಲಿಲ್ಲ. “ಅಜ್ಜಿ ಆಗ್ತಾ ಬಂದೆ ಅಮ್ಮ, ನಿನ್ನ ಮಾಸ್ಟ್ರಿಗೆ ಕೇಳ್ತಿರ್ಬಹುದು” ಎಂದು ಹಂಗಿಸಿದಳು. ಎರಡನೆಯದನ್ನೂ ಬೇಕೆಂದೇ ಇಟ್ಟಿರಾ?

ಮುಖೇಶ್ ಕಾಯುತ್ತಾರೆ.

ಸಿಂಧು


ಕೊಟ್ಟಾರ
14 ಅಕ್ಟೋಬರ್ 2023

ಸಿಂಧು,

ಮುಖೇಶರಿಗೆ ಬೇಡ ಎಂದು ಹೇಳು. ಪೆನ್ ಡ್ರೈವಿನಲ್ಲಿ ಇದ್ದದ್ದನ್ನು ಅಳಿಸಿಬಿಡು. ಮೆಷಿನ್ನಿಗೆ ಬೆಡ್‌ಶೀಟ್ ಹೊದಿಸಿದ್ದೇನೆ. ಈ ವಿಷಯ ಇನ್ನು ಬರೆಯುವುದು ಬೇಡ. ಮಗಳು ಚೆನ್ನಾಗಿ ಓದಲಿ.

ಅಲ್ಫೋನ್ಸ್


(ಇದೇ ಲಕೋಟೆಯೊಳಗೆ, ಮಡಿಸಿದ ಚೀಟಿ)

ಬಾಯೆ,

ಕಾಗದ ಪೋಸ್ಟ್ ಮಾಡುವವಳು ನಾನು, ಅದಕ್ಕೆ ಈ ಚೀಟಿ ಒಳಗೆ ಹಾಕುತ್ತೇನೆ. ಅವನಿಗೆ ಹೇಳಬೇಡ. ನೀನು ಹೊಗಳಿದ ಆ ಸೀಟಿ ಅವನು ಕೇಳಿಯೇ ಇಲ್ಲ. ಅಲ್ಲಿ ಉಂಟು ಎಂದೇ ಅವನಿಗೆ ಗೊತ್ತಿರಲಿಲ್ಲ. ನಿನ್ನ ಹೊಗಳಿಕೆಯ ಕಾಗದ ಬಂದಾಗ ಸ್ಪೀಕರಿಗೆ ಕಿವಿ ತಾಗಿಸಿ ಕೂತ. ಅದರ ನಂತರದ್ದು ಬಂದಾಗ ಅದನ್ನು ತೊಡೆಯ ಮೇಲೆ ಇಟ್ಟು, ನೀನು ಬರೆದ ಜಾಗ ಬಂದಾಗಲೆಲ್ಲ ನನ್ನ ಮುಖ ನೋಡಿದ. “ಈಗ ಉಂಟಾ ವಿನ್ನಿ?” ಎಂದು ಕೇಳಿದ. ಉಂಟು ಎಂದೆ. ಕಾಗದ ಮಡಿಸಿ ಸ್ಪೀಕರ್ ಆಫ್ ಮಾಡಿದ.

ಕುಕ್ಕರ್ ಸೀಟಿ ಹಾಕಿದರೂ ಏಳುವುದಿಲ್ಲ ಎಂದು ನಾನು ವರ್ಷಗಟ್ಟಲೆ ಬೈದಿದ್ದೇನೆ. ಗಂಡಸರು ಹಾಗೇ ಅಲ್ಲವಾ, ಸೋಮಾರಿತನ ಎಂದುಕೊಂಡೆ. ಕುವೈತಿನಲ್ಲಿ ಅಷ್ಟು ವರ್ಷ ನರ್ಸ್ ಆಗಿದ್ದವಳು, ಮನೆಯೊಳಗಿನದು ಕಾಣಲಿಲ್ಲ. ಆಮೇಲೆ ಕಂಡಿತು. ಆದರೆ ಅವನು ಹೇಳದೆ ನಾನು ಹೇಗೆ ಹೇಳುವುದು? ಫೋನ್ ಬೇಡ ಎಂದದ್ದು ಇದಕ್ಕೇ.

ಈಗ ಇಡೀ ದಿನ ಟಿವಿ ನೋಡುತ್ತಾನೆ. ಸೌಂಡ್ ಇಲ್ಲದೆ.

ವಿನಿಫ್ರೆಡ್


ಪುಣೆ
30 ಅಕ್ಟೋಬರ್ 2023

ಪ್ರೀತಿಯ ಸರ್,

ಬರೆಯಬೇಡ ಎಂದಿರಿ. ಬರೆಯುತ್ತಿದ್ದೇನೆ.

ಮೊದಲು ಒಂದು ಕಾಗದ ಬರೆದೆ. ಅದರಲ್ಲಿ, ನನ್ನ ಸ್ಪೀಕರಿನಲ್ಲಿಯೇ ದೋಷವಿತ್ತು, ಆ ಸೀಟಿ ನಿಮ್ಮ ಸಂಗೀತದಲ್ಲಿ ಇಲ್ಲವೇ ಇಲ್ಲ ಎಂದು ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು, ನಂಬುವ ಹಾಗೆ. ಆಮೇಲೆ ಹರಿದೆ. ಇನ್ನೊಂದು ದಾರಿ ಮುಖೇಶ್ ಹೇಳಿದ್ದು: ಇದ್ದ ಹಾಗೇ ಹೊರತರೋಣ, ಜನಕ್ಕೆ ಈ ಹರಿತವೇ ಇಷ್ಟವಾಗುತ್ತದೆ, ಯಾಕೆ ಹೀಗಾಯಿತೆಂದು ಯಾರಿಗೆ ಗೊತ್ತಾಗಬೇಕು? ನನಗೆ ಗೊತ್ತು, ಎಂದೆ. ನಿಮ್ಮನ್ನು ಕೇಳದೆ ಎರಡರಲ್ಲಿ ಒಂದನ್ನೂ ಮಾಡುವ ಹಕ್ಕು ನನಗಿಲ್ಲ.

ನನಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ಆಗಸ್ಟಿನ ನಿಮ್ಮ ಕಾಗದವನ್ನು ಸರಿಯಾಗಿ ಓದಿದ್ದರೆ ಅಂದೇ ತಿಳಿಯಬೇಕಿತ್ತು. ಕಂಪ್ರೆಸರ್ ಗಲಾಟೆ ಎಂದು ‘ವಿನ್ನಿ ಹೇಳುತ್ತಾಳೆ’ ಎಂದು ಬರೆದಿದ್ದಿರಿ. ನಾನು ಅದನ್ನು ಬಿಟ್ಟು, ನೀವು ಪರೀಕ್ಷೆ ಇಟ್ಟಿದ್ದೀರೆಂದು ಹಿಗ್ಗಿದೆ. ಬರೆದದ್ದರಲ್ಲಿ ಅರ್ಥ ಹುಡುಕುವುದು ನನಗೆ ಸಂಬಳ ಬರುವ ಕೆಲಸ. ಹುಡುಕಿ ಹುಡುಕಿ, ನೀವು ಇಡದ ಕಡೆಯಲ್ಲಿಯೂ ಒಂದನ್ನು ಇಟ್ಟೆ. ಮೂವತ್ತು ವರ್ಷ, ಸೂಜಿಯ ಮೊನೆ. ಆ ವಾಕ್ಯ ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಮೊನ್ನೆ ಮುಖೇಶ್ ಅವರ ಮನೆಗೆ ಹೋಗಿ ಒಂದು ಕೆಲಸ ಮಾಡಿದೆ. ಅವರ ಆಂಪ್ಲಿಫೈಯರಿನಲ್ಲಿ ಮೇಲಿನ ಸ್ವರಗಳನ್ನೆಲ್ಲ ಇಳಿಸಿಬಿಡಿ ಎಂದೆ. ಸೀಟಿ ಹೋಗುವವರೆಗೆ, ಅದಕ್ಕಿಂತಲೂ ಕೆಳಗಿನವರೆಗೆ. ನಿಮಗೆ ಹೇಗೆ ಕೇಳಿರಬಹುದೋ ಹಾಗೆ ಕೇಳಬೇಕೆನಿಸಿತು. ಹಾಗೆ ಕೇಳುವುದು ಸಾಧ್ಯವೇ, ಅದೂ ನನ್ನದೊಂದು ಅಹಂಕಾರವೇ, ಗೊತ್ತಿಲ್ಲ.

ಸರ್, ನಾನು ಇದನ್ನು ಕೇಳಿಯೇ ಇರಲಿಲ್ಲ. ಅಡಿಯಲ್ಲಿ ಒಂದು ಸ್ವರ ದೂರದಿಂದ ಬರುತ್ತದೆ, ಹತ್ತಿರವಾಗುತ್ತ ದಪ್ಪವಾಗುತ್ತದೆ, ಕುರ್ಚಿಯ ಕೈ ನಡುಗುತ್ತದೆ, ದಾಟಿಹೋಗುತ್ತದೆ. ಅದು ಹೋಗುವವರೆಗೆ ಇನ್ನೊಂದು ಸ್ವರ ರಸ್ತೆ ಬದಿಯಲ್ಲಿ ನಿಂತ ಹಾಗೆ ಕಾಯುತ್ತದೆ. ಹೋದ ಮೇಲೆ ನಿಧಾನವಾಗಿ ದಾಟುತ್ತದೆ. ಮತ್ತೆ ದೂರದಿಂದ ಇನ್ನೊಂದು. ಒಂದು ಗಂಟೆ ಹೀಗೇ. ಅದು ಲಾರಿ ಅಲ್ಲವೇ? ಕೊಟ್ಟಾರದ ನಿಮ್ಮ ಮನೆಯ ನೆಲ ಅಲ್ಲವೇ?

ಮತ್ತೆ ಅರ್ಥ ಹುಡುಕುತ್ತಿದ್ದೇನೆಯೇ? ತಪ್ಪಾಗಿದ್ದರೆ ತಪ್ಪು ಎಂದು ಒಂದು ಸಾಲು ಬರೆಯಿರಿ. ಅಳಿಸಲು ಹೇಳಿದ್ದನ್ನು ನಾನು ಅಳಿಸಿಲ್ಲ. ಮುಖೇಶ್ ಅವರಿಗೆ ಕೊಟ್ಟಿದ್ದನ್ನು ಅಳಿಸಿಸಿದ್ದೇನೆ.

ಸಿಂಧು


ಕೊಟ್ಟಾರ
20 ಜನವರಿ 2024

ಸಿಂಧು,

ವಿನ್ನಿ ಚೀಟಿ ಹಾಕಿದ್ದು ನನಗೆ ಅಂದೇ ಗೊತ್ತು. ಮೂರು ಸಾಲಿನ ಕಾಗದದ ಲಕೋಟೆ ಅಷ್ಟು ಉಬ್ಬುತ್ತದೆಯೇ? ಕಿವಿ ಹೋಗಿದೆ, ಕಣ್ಣು ಹೋಗಿಲ್ಲ.

ನಿನ್ನ ಕಾಗದಕ್ಕೆ ಕ್ರಿಸ್ಮಸಿನವರೆಗೂ ಉತ್ತರ ಕೊಡಬಾರದು ಎಂದೇ ಇದ್ದೆ. ಸಿಟ್ಟು ಉಂಟಾಗಿತ್ತು. ನಿನ್ನ ಮೇಲೆ ಅಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಮೇಲೆಯೇ. ಅಷ್ಟು ಚಂದ ಹೊಗಳಿದೆ, ನಾನು ಮಾಡದ್ದನ್ನು. ಮೊದಲನೇ ಸಲ ಒಬ್ಬರು ನನ್ನ ಸಂಗೀತವನ್ನು ಕೊನೆಯವರೆಗೆ ಕೇಳಿದರು, ಕೇಳಿದ್ದು ಮೆಷಿನ್ನಿನ ಸೀಟಿ. ಕ್ಯಾಸೆಟ್ ಅಂಗಡಿಯವನೇ ಮೇಲು ಎಂದುಕೊಂಡೆ.

ಆದರೆ ಲಾರಿಯನ್ನು ನೀನು ಹಿಡಿದುಬಿಟ್ಟಿದ್ದೀ. ಅದನ್ನು ನಾನು ವಿನ್ನಿಗೂ ಹೇಳಿರಲಿಲ್ಲ. ಲಾಕ್‌ಡೌನಿನಲ್ಲಿ ರಸ್ತೆ ಸತ್ತಹಾಗೆ ಇದ್ದಾಗ, ಅಪರೂಪಕ್ಕೆ ಒಂದು ಲಾರಿ ಹೋಯಿತು. ಅಂಗಾಲಿಗೆ ಗೊತ್ತಾಯಿತು. ಅದೇ ಸ್ವರ ಮೆಷಿನ್ನಿನ ತೀರಾ ಅಡಿಯಲ್ಲಿ ಉಂಟು ಎಂದು ನೆನಪಾಗಿ ಮಂಚದ ಅಡಿಗೆ ಕೈ ಹಾಕಿದ್ದು. ಹಾಗಾದರೆ ಅಷ್ಟು ಮಾತ್ರ ನಾನು ಮಾಡಿದ್ದು, ಅದು ಒಬ್ಬಳಿಗೆ ತಲುಪಿದೆ. ಚರ್ಚಿನಲ್ಲಿ ಹೊಸ ವರ್ಷದ ಪೂಜೆ ಮುಗಿಸಿ ಬಂದು ಬೆಡ್‌ಶೀಟ್ ತೆಗೆದೆ.

ಈಗ ನಡೆದದ್ದು ಕೇಳು. ಸಿಂಥಿನಲ್ಲಿ ಹೊಳಪಿನ ನಾಬ್ ಎಂದು ಒಂದುಂಟು. ಒಂದು ಹದದವರೆಗೆ ತಿರುಗಿಸಿದರೆ ಸ್ವರಕ್ಕೆ ಬೆಳಕು ಬರುತ್ತದೆ. ಅದರಾಚೆ ಹೋದರೆ ಮೆಷಿನ್ ತಾನೇ ಸೀಟಿ ಹಾಕಲು ಶುರುಮಾಡುತ್ತದೆ. ಬೆಳಕು ಆಗಲೇ ಬಂದಿತ್ತು, ಅದು ಕಿವಿಗೆ ಬೀಳದೆ ನಾನು ಇನ್ನೂ ಬರಲಿಲ್ಲ ಎಂದು ತಿರುಗಿಸುತ್ತಲೇ ಇದ್ದೆ. ಮೆಷಿನ್ ಹಾಳಾಯಿತು ಎಂದು ಅಹ್ಮದ್ ಬಾವನಿಗೆ ಬೈದೆ. ಅವನಲ್ಲಿಗೆ ಹೋಗಿ ಇದನ್ನೆಲ್ಲ ಹೇಳಿದೆ. “ನಂಗೆ ಡೌಟು ಬಂದಿತ್ತು ಪೊರ್ಬುಗಳೇ, ಆದ್ರೆ ಸಂಗೀತಗಾರನಿಗೆ ಕಿವಿ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ಕೋಳಿ ಅಂಗಡಿಯವನಿಗೆ ಕೈ ನಡುಗ್ತದೆ ಅಂದ ಹಾಗೆ” ಎಂದ. ಇಬ್ಬರೂ ನಕ್ಕೆವು. ಚಹಾ ತರಿಸಿದ.

ಮತ್ತೆ ವಿನ್ನಿಯನ್ನು ಪಕ್ಕದಲ್ಲಿ ಕೂರಿಸಿದೆ. ನಾನು ನಾಬ್ ತಿರುಗಿಸುವುದು, ಸೀಟಿ ಹುಟ್ಟಿದಾಗ ಅವಳು ಕೈ ಎತ್ತುವುದು. ನಿನಗೆ ಕಲಿಸಿದ ಪಾಠವೇ, ಮಾಸ್ಟ್ರು ಬೇರೆ. ಅವಳಿಗೆ ತಾಳ್ಮೆ ಇಲ್ಲ. “ನನ್ನ ತೇರ್ಸ ತಪ್ಪುತ್ತದೆ, ಬೇಗ ತಿರುಗಿಸು” ಎಂದು ಜಪಮಣಿ ಹಿಡಿದುಕೊಂಡೇ ಕೂತಳು. ಅವಳು ಕೈ ಎತ್ತಿದಲ್ಲಿಗಿಂತ ಸ್ವಲ್ಪ ಈಚೆ, ಡ್ರೆಸ್ಸಿಂಗ್ ಡಬ್ಬಿಯಿಂದ ಬ್ಯಾಂಡೇಜ್ ಪಟ್ಟಿ ಕತ್ತರಿಸಿ ಅಂಟಿಸಿದಳು. “ಇದು ದಾಟಿದರೆ ನಿನಗೆ ಊಟ ಇಲ್ಲ” ಎಂದಳು. ಇಷ್ಟು ವರ್ಷ ಕಿವಿಯಿಂದ ಕಂಡುಕೊಳ್ಳುತ್ತಿದ್ದ ಗಡಿ ಈಗ ಬೆರಳಿಗೆ ತಾಗುತ್ತದೆ.

ಕಿವಿಗೆ ಹಾಕುವ ಯಂತ್ರವನ್ನೂ ತೆಗೆದುಕೊಂಡಿದ್ದೇನೆ. ಮಾರ್ಕೆಟ್ಟಿಗೆ, ಪೂಜೆಗೆ ಅಡ್ಡಿ ಇಲ್ಲ. ಸಂಗೀತಕ್ಕೆ ಆಗುವುದಿಲ್ಲ, ಎಲ್ಲವೂ ತಗಡಿನ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ. ಬಾರಿಸುವಾಗ ತೆಗೆದಿಡುತ್ತೇನೆ.

ಹಳೆಯದನ್ನು ಹೊರತರುವುದು ಬೇಡ. ಜನಕ್ಕೆ ಇಷ್ಟವಾದರೂ ಬೇಡ. ಅದರಿಂದ ಸೀಟಿ ಮಾತ್ರ ತೆಗೆಯುವುದೂ ಬೇಡ. ಹೊಸದಾಗಿ ಬಾರಿಸಿದ್ದೇನೆ, ಇದರ ಜೊತೆ ಕಳಿಸಿದ್ದೇನೆ. ಲಾರಿ ಉಂಟು, ಕಾಯುವವನೂ ಇದ್ದಾನೆ. ಆದರೆ ಈ ಸಲ ಮೇಲಿನ ಭಾಗದಲ್ಲಿ ನಾನು ಕೈ ಇಟ್ಟೇ ಇಲ್ಲ. ಕೇಳದ ಕಡೆಗೆ ಅಂದಾಜಿನಲ್ಲಿ ಏನನ್ನೂ ಇಡುವುದಿಲ್ಲ. ಅಲ್ಲಿ ಖಾಲಿ.

ಹೊಗಳಬೇಡ. ಕಿಟಕಿ ತೆರೆದಿಟ್ಟು ಕೇಳು. ನಾನು ಖಾಲಿ ಬಿಟ್ಟ ಕಡೆ ನಿನಗೆ ಎಂತ ಎಂತ ಕೇಳುತ್ತದೆ, ಅದನ್ನು ಬರಿ. ಮಗಳಿಗೆ ಕೇಳುವುದನ್ನೂ ಬರಿ. ಅದನ್ನು ಓದಿದ ಮೇಲೆ ಮುಖೇಶರಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ನೋಡುತ್ತೇನೆ.

ಅಲ್ಫೋನ್ಸ್


ಪುಣೆ
11 ಫೆಬ್ರವರಿ 2024

ಪ್ರೀತಿಯ ಸರ್,

ಕಿಟಕಿ ತೆರೆದೆ. ಕೃತಿ ಚಿತ್ರ ಬಿಡಿಸುವ ಪುಸ್ತಕ ಹಿಡಿದು ನೆಲದ ಮೇಲೆ ಕುಳಿತಳು. ಎದ್ದು ಹೋಗುವ ಸ್ವಾತಂತ್ರ್ಯ ಉಂಟು ಎಂದು ಮೊದಲೇ ಒಪ್ಪಂದವಾಗಿತ್ತು.

ಲಾರಿ ಬಂತು, ಹೋಯಿತು. ಆ ಹೊತ್ತಿಗೆ ಎದುರಿನ ಮರದಲ್ಲಿ ಒಂದು ಕುಟುರ ಹಕ್ಕಿ ಶುರುಮಾಡಿತು, ಸಣ್ಣ ಸುತ್ತಿಗೆಯಲ್ಲಿ ತಾಮ್ರ ಬಡಿದ ಹಾಗೆ. ನಿಮ್ಮ ಸ್ವರ ದಪ್ಪವಾದಾಗ ಅದು ನಿಂತಿತು. ತೆಳುವಾದ ಮೇಲೆ ಮತ್ತೆ ಬಡಿಯಿತು. ಸುಮ್ಮನೆ ಹಾಗಾದದ್ದು, ಅರ್ಥವೇನೂ ಇಲ್ಲ, ನಾನು ಹುಡುಕಿಲ್ಲ. ಮೇಲಿನ ಮನೆಯಲ್ಲಿ ಯಾರೋ ಸ್ಟೀಲ್ ಚಮಚ ಬೀಳಿಸಿದರು. ಅದು ಕುಣಿದು ಕುಣಿದು ಮಲಗುವವರೆಗೂ ಕೇಳಿಸಿತು. ನಮ್ಮ ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು. ನಾನೂ ಏಳಲಿಲ್ಲ. ವಿನ್ನಿ ಆಂಟಿಗೆ ಹೇಳಿ, ಅದು ಗಂಡಸರದ್ದೇ ರೋಗವಲ್ಲ. ಬೇಳೆ ತಳ ಹಿಡಿಯಿತು.

ಕೃತಿಯ ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು ನನಗೆ ಕೇಳಿಸುತ್ತದೆ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಒಣಗಿದ ಎಲೆಯ ಮೇಲೆ ಇರುವೆ ಸಾಲು ಹೋದರೆ ಹೀಗೆ ಇರಬಹುದು. ಅವಳು ಉಸಿರು ಬಿಡುವಾಗ ಮೂಗಿನಲ್ಲಿ ಬಹಳ ಚಿಕ್ಕದೊಂದು ಸೀಟಿ ಬರುತ್ತದೆ, ಅವಳ ಅಜ್ಜನಿಗೆ ಬರುತ್ತಿದ್ದ ಹಾಗೆಯೇ. ಇದನ್ನು ಬರೆಯಬೇಡ ಎಂದಳು. ಬರೆದಿದ್ದೇನೆ.

ಅವಳಿಗೆ ಮಾತ್ರ ಕೇಳಿದ್ದು ಒಂದು. “ಅಲ್ಲಿ ಫೋನಿನ ಚಾರ್ಜರ್ ಅಳ್ತಾ ಉಂಟು, ನಿಂಗೆ ಕೇಳೂದಿಲ್ವಾ?” ಎಂದಳು. ನನಗೆ ಕೇಳಲಿಲ್ಲ. ಎದ್ದು ಹೋಗಿ ಅದನ್ನು ಪ್ಲಗ್ಗಿನಿಂದ ತೆಗೆದು, ವಾಪಸ್ ಬಂದು ಕುಳಿತಳು. ಹೋಗಬಹುದಿತ್ತು, ಹೋಗಲಿಲ್ಲ.

ಕೊನೆಯಲ್ಲಿ ನೀವು ಬಹಳ ಹೊತ್ತು ಇಳಿಸುತ್ತ ಹೋಗಿದ್ದೀರಿ. ಕುಟುರ ಸುಮ್ಮನಾಗಿತ್ತು. ನಾನು ಏನೂ ಹೇಳಿಕೊಟ್ಟಿರಲಿಲ್ಲ, ಆದರೂ ಕೃತಿ ಪೆನ್ಸಿಲ್ ಕೆಳಗಿಟ್ಟು, “ಮುಗೀತಲ್ಲ?” ಎಂದು ಕೈ ಎತ್ತಿದಳು.

ನಾನು ಆ ಕೈ ಹಿಡಿದು ಕೆಳಗಿಳಿಸಿ, “ಇನ್ನೂ ಉಂಟು” ಎಂದೆ.

ಇಬ್ಬರೂ ನೆಲಕ್ಕೆ ಅಂಗೈ ಊರಿ ಕುಳಿತಿದ್ದೆವು. ಏನೋ ಒಂದು ಬರುತ್ತಿತ್ತು. ಅದು ನಿಮ್ಮದೋ, ನಮ್ಮ ಹಿಂದಿನ ರಸ್ತೆಯಲ್ಲಿ ಹೋದದ್ದೋ, ನನಗೆ ತಿಳಿಯಲಿಲ್ಲ. ನೀವು ಕೀಯಿಂದ ಕೈ ತೆಗೆದದ್ದು ಎಲ್ಲಿ ಎಂದು ಬರೆಯಿರಿ.

ಸಿಂಧು